ಬೆಲ್ ಹೌಸಿಂಗ್ ಮುಚ್ಚಿದ ಮೇಲೆ

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಯಾರೂ ತೆರೆದು ನೋಡದ ಜಾಗದಲ್ಲಿ ನೀವು ಮಾಡುವ ಕೆಲಸ ಸರಿಯಾಗಿ ಯಾಕಿರಬೇಕು? "ದೇವರು ನೋಡ್ತಾನೆ ಬ್ರದರ್" ಅಂತ ಮುಂದಿನ ಸಾಲಿನಿಂದ ಉತ್ತರ ಬಂದೇಬಿಡ್ತು. ಒಳ್ಳೇ ಉತ್ತರ. ಆದರೆ ಅದನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡ್ರಿ, ಕೊನೆಗೆ ಅದಕ್ಕೇ ಬರೋಣ. ಅಷ್ಟರೊಳಗೆ ಒಂದು ಗ್ಯಾರೇಜಿಗೆ ಹೋಗಿ ಬರೋಣ.

ನಮ್ಮ ಹಿಂದವಾಡಿಯಿಂದ ಖಾನಾಪುರ ರಸ್ತೆ ಹಿಡಿದರೆ ಉದ್ಯಮಬಾಗ ದೂರ ಇಲ್ಲ. ಫೌಂಡ್ರಿ, ಲೇಥ್, ಮಷಿನ್ ಶಾಪ್, ಎರಕದ ವಾಸನೆ. ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಅಲ್ಲೇ ದುಡಿದು ನಿಮ್ಮನ್ನ ಓದಿಸಿದವರು. ಕಬ್ಬಿಣ ಅಂದರೇನು, ಅಳತೆ ಅಂದರೇನು ಅಂತ ಈ ಊರಿಗೆ ಗೊತ್ತು. ಅದಕ್ಕೇ ಇವತ್ತಿನ ವಾಕ್ಯವನ್ನ ಒಂದು ಹಳೇ ಕಾರಿನ ಮೂಲಕ ಹೇಳ್ತೇನೆ.

ನಿಮ್ಮಲ್ಲಿ ಕೆಲವರು ಮೊಬೈಲ್‌ನಲ್ಲಿ ಕಾಂಟೆಸ್ಸಾ ರೀಲ್ಸ್ ನೋಡ್ತೀರಿ ಅಂತ ನನಗೆ ಗೊತ್ತು. ನಗಬೇಡಿ. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ತಂದ ಕಾರು ಅದು. ಉದ್ದನೆಯ ಮೂತಿ, ಅಗಲ ಮೈ. ವಿನ್ಯಾಸ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯದ್ದು. ಮೊದಲು ಅದಕ್ಕೆ ಹಾಕಿದ್ದು ಸಣ್ಣ 1.5 ಲೀಟರ್ ಎಂಜಿನ್. ಅಷ್ಟು ದೊಡ್ಡ ಮೈಗೆ ಅದು ಸಾಲಲಿಲ್ಲ. ಮುಂದೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್ ಬಂತು, ಆಗ ಗಾಡಿಗೆ ಜೀವ ಬಂತು. 2002ರಲ್ಲಿ ತಯಾರಿಕೆ ನಿಂತಿತು. ಅಮೆರಿಕದವರು ಮಸಲ್ ಕಾರ್ ಅಂತಾರಲ್ಲ, ನಮ್ಮ ದೇಶದಲ್ಲಿ ಆ ಹೆಸರು ಯಾವುದಕ್ಕಾದರೂ ಒಪ್ಪುತ್ತೆ ಅಂದರೆ ಇದಕ್ಕೇ ಅಂತ ಅಭಿಮಾನಿಗಳು ಹೇಳ್ತಾರೆ.

ಈಗ ಅಂಥ ಒಂದು ಗಾಡಿಯ ಎಂಜಿನ್ ಕೆಳಗಿಳಿಸಿ, ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಕೂರಿಸೋ ದಿನ ಬಂದಿದೆ ಅಂತ ಇಟ್ಟುಕೊಳ್ಳಿ. ಚೈನ್ ಬ್ಲಾಕಿನಲ್ಲಿ ಎಂಜಿನ್ ತೂಗಾಡ್ತಾ ಇದೆ. ಅದರ ಹಿಂದಿನ ಮುಖದಲ್ಲಿ ಫ್ಲೈವೀಲ್, ಭಾರವಾದ ಒಂದು ಚಕ್ರ. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್, ಅದರ ಮೇಲೆ ಪ್ರೆಷರ್ ಪ್ಲೇಟ್. ಎಂಜಿನ್ ಯಾವಾಗಲೂ ತಿರುಗ್ತಾನೇ ಇರುತ್ತೆ, ಗಾಡಿ ಮಾತ್ರ ಸಿಗ್ನಲ್‌ನಲ್ಲಿ ನಿಲ್ಲಬೇಕು. ತಿರುಗೋದನ್ನೂ ನಿಂತಿರೋದನ್ನೂ ಬೇಕಾದಾಗ ಜೋಡಿಸೋದು, ಬೇಡಾದಾಗ ಬಿಡಿಸೋದು ಕ್ಲಚ್ ಕೆಲಸ.

ಇದನ್ನ ಕೂರಿಸೋ ರೀತಿ ನೋಡ್ರಿ. ಫ್ಲೈವೀಲ್ ಮುಖದಲ್ಲಿ ಬಿಸಿಗೆ ನೀಲಿ ಕಲೆ ಬಿದ್ದಿದೆಯಾ, ಬಿರುಕು ಬಿಟ್ಟಿದೆಯಾ ಅಂತ ನೋಡಬೇಕು. ಬೇಕಾದರೆ ಮಷಿನ್ ಶಾಪಿಗೆ ಕೊಟ್ಟು ಮುಖ ಸಮ ಮಾಡಿಸಬೇಕು. ಎಂಜಿನ್ ಹಿಂದಿನ ಆಯಿಲ್ ಸೀಲ್ ಬದಲಾಯಿಸಬೇಕು. ಅಲ್ಲಿಂದ ಎಣ್ಣೆ ಜಿನುಗಿ ಕ್ಲಚ್ ಪ್ಲೇಟಿಗೆ ತಾಗಿದರೆ ಹೊಸ ಪ್ಲೇಟೂ ಹಾಳು. ಕ್ಲಚ್ ಪ್ಲೇಟಿಗೆ ಎರಡು ಮುಖ, ಒಂದು ಎಂಜಿನ್ ಕಡೆ, ಒಂದು ಗೇರ್ ಬಾಕ್ಸ್ ಕಡೆ. ತಿರುವುಮುರುವು ಮಾಡಿದರೆ ಕೆಲಸವೆಲ್ಲ ಮೊದಲಿಂದ. ಪ್ಲೇಟ್ ನಟ್ಟನಡುವೆ ಕೂರಬೇಕು, ಅದಕ್ಕೆ ಹಳೇ ಗೇರ್ ಬಾಕ್ಸಿನ ಶಾಫ್ಟ್ ತೂರಿಸಿ ನೇರ ಮಾಡ್ತಾರೆ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನ ಒಂದು ಕಡೆಯಿಂದ ಬಿಗೀತಾ ಹೋಗಬಾರದು. ಎದುರುಬದುರು, ಸ್ವಲ್ಪ ಸ್ವಲ್ಪ, ಕೊನೆಗೆ ಟಾರ್ಕ್ ವ್ರೆಂಚ್ ಹಿಡಿದು. ಆಮೇಲೆ ಗೇರ್ ಬಾಕ್ಸ್. ಅದು ಸಲೀಸಾಗಿ ಒಳಗೆ ಹೋಗಲಿಲ್ಲ ಅಂದರೆ ಒಳಗೆ ಏನೋ ನೇರ ಇಲ್ಲ ಅಂತ ಅರ್ಥ. ಅವಸರದವರು ಬೋಲ್ಟ್ ಹಾಕಿ ಬಲವಂತವಾಗಿ ಎಳೆದು ಕೂರಿಸ್ತಾರೆ. ತಿಳಿದವರು ಮತ್ತೆ ಹೊರಗೆ ತೆಗೆದು ನೋಡ್ತಾರೆ.

ಇಷ್ಟೆಲ್ಲ ಆದ ಮೇಲೆ ಬೆಲ್ ಹೌಸಿಂಗ್ ಮುಚ್ಚಿಕೊಳ್ಳುತ್ತೆ. ಗಂಟೆಯ ಆಕಾರದ ಒಂದು ಲೋಹದ ಕವಚ ಅದು. ಅದು ಮುಚ್ಚಿತು ಅಂದರೆ ಒಳಗಿನದು ಯಾರಿಗೂ ಕಾಣಲ್ಲ. ಗಾಡಿ ಮಾಲಕನಿಗೂ ಕಾಣಲ್ಲ. ಅವನು ಬಣ್ಣ ನೋಡ್ತಾನೆ, ಸೀಟ್ ನೋಡ್ತಾನೆ, ಸ್ಟಾರ್ಟ್ ಮಾಡಿ ಸದ್ದು ಕೇಳ್ತಾನೆ, ದುಡ್ಡು ಕೊಟ್ಟು ಹೋಗ್ತಾನೆ.

ಈಗ ನಮ್ಮ ಪ್ರಶ್ನೆ ಬರೋದು ಇಲ್ಲಿ. ಅದೇ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ, ನಿಮ್ಮ ಹಾಗೇ ಭಾನುವಾರ ಸಭೆಗೆ ಬರೋನು. ಬೆಲ್ ಹೌಸಿಂಗ್ ಒಳಗೆ ಒಂದು ರಿಲೀಸ್ ಬೇರಿಂಗ್ ಇರುತ್ತೆ. ನೀವು ಕ್ಲಚ್ ಪೆಡಲ್ ತುಳಿದಾಗಲೆಲ್ಲ ಮುಂದೆ ಬಂದು ಪ್ರೆಷರ್ ಪ್ಲೇಟನ್ನ ಒತ್ತೋದು ಅದೇ. ಹುಡುಗ ಹಳೇದನ್ನ ಕೈಯಲ್ಲಿ ಹಿಡಿದು ತಿರುಗಿಸ್ತಾನೆ, ಗರಗರ ಅನ್ನುತ್ತೆ. ಮಿಸ್ತ್ರಿ ಹೇಳ್ತಾನೆ: "ಇನ್ನೂ ಛಲೋ ಐತಿ ತಮ್ಮಾ. ಒರಸಿ ಹಾಕು. ಬಿಲ್ಲಿನ್ಯಾಗ ಹೊಸಾದು ಅಂತ ಬರಿ."

ಏನ್ ಮಾಡ್ತೀರಿ?

ಒಂದು ವಿಷಯ ಸ್ಪಷ್ಟ ಮಾಡ್ತೇನೆ, ಇದರಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ತಾರೆ. ಹಳೇ ಭಾಗ ಹಾಕೋದೇ ಪಾಪ ಅಲ್ಲ. ಕಾಂಟೆಸ್ಸಾದಂಥ ತಯಾರಿಕೆ ನಿಂತ ಗಾಡಿಗೆ ಎಷ್ಟೋ ಸಲ ಹೊಸದು ಸಿಗೋದೇ ಇಲ್ಲ. ಮಾಲಕನ ಕೈಯಲ್ಲಿ ದುಡ್ಡು ಇಲ್ಲದೇ ಇರಬಹುದು. "ಸರ್, ಹಳೇ ಬೇರಿಂಗ್ ಸದ್ದು ಮಾಡ್ತಾ ಇದೆ, ಎಷ್ಟು ದಿನ ಬರುತ್ತೆ ಹೇಳೋಕೆ ಆಗಲ್ಲ, ಆದರೂ ಇದನ್ನೇ ಹಾಕಬೇಕಾ?" ಅಂತ ಕೇಳಿ, ಅವನು ಹಾಕು ಅಂದರೆ ಅಲ್ಲಿ ಸುಳ್ಳಿಲ್ಲ. ನಿರ್ಧಾರ ಅವನದು, ಗಾಡಿ ಅವನದು. ಹಾಗಾದರೆ ಮಿಸ್ತ್ರಿಯ ಮಾತಿನಲ್ಲಿ ಕೆಟ್ಟದ್ದು ಎಲ್ಲಿದೆ? ಬಿಲ್ಲಿನ ಆ ಒಂದು ಪದದಲ್ಲಿದೆ. ದುಡ್ಡಿಗಿಂತ ದೊಡ್ಡದೊಂದನ್ನ ಅದು ಮಾಲಕನಿಂದ ಕಿತ್ತುಕೊಳ್ಳುತ್ತೆ: ತಿಳಿದು ಆರಿಸಿಕೊಳ್ಳುವ ಅವನ ಹಕ್ಕು. ಅಪಾಯ ಅವನದ್ದೇ, ಆದರೆ ಅಪಾಯ ಇದೆ ಅಂತ ಅವನಿಗೇ ಗೊತ್ತಿಲ್ಲ.

ಯಾಜಕಕಾಂಡ 19ನೇ ಅಧ್ಯಾಯದ 14ನೇ ವಚನ ಮನೆಗೆ ಹೋಗಿ ತೆಗೆದು ಓದಿ. ಅಲ್ಲಿ ಇಬ್ಬರು ಮನುಷ್ಯರ ಬಗ್ಗೆ ಆಜ್ಞೆ ಇದೆ. ಒಬ್ಬ ಕಿವುಡ, ಅವನನ್ನ ಶಪಿಸಬಾರದು. ಇನ್ನೊಬ್ಬ ಕುರುಡ, ಅವನ ದಾರಿಯಲ್ಲಿ ಎಡವೋದನ್ನ ಇಡಬಾರದು. ಯಾಕೆ ಇವರಿಬ್ಬರನ್ನೇ ಒಟ್ಟಿಗೆ ಹೇಳಿದೆ? ಕಿವುಡನಿಗೆ ಶಾಪ ಕೇಳಿಸಲ್ಲ. ಕುರುಡನಿಗೆ ಅಡ್ಡ ಇಟ್ಟವನು ಯಾರು ಅಂತ ಕಾಣಲ್ಲ. ಇಬ್ಬರೂ ನಿಮ್ಮ ಮೇಲೆ ದೂರು ಕೊಡೋಕೆ ಆಗದವರು. ಈಗ ಹೇಳಿ, ಮುಚ್ಚಿದ ಬೆಲ್ ಹೌಸಿಂಗ್ ಮುಂದೆ ನಿಂತ ಗಾಡಿ ಮಾಲಕ ಯಾರು? ಅವನಿಗೆ ಎರಡು ಕಣ್ಣಿದ್ದರೂ ಆ ಜಾಗದಲ್ಲಿ ಅವನು ಕುರುಡನೇ. ಡಾಕ್ಟರ್ ಮುಂದೆ ನಾವು ಕುರುಡರು, ಬ್ಯಾಂಕಿನ ಕಾಗದದ ಮುಂದೆ ನಮ್ಮ ಅಜ್ಜಿ ಕುರುಡಿ. ಪಟ್ಟಣದ ಜೀವನ ಅಂದರೆ ಇದೇ ಅಲ್ವಾ? ನಾವೆಲ್ಲ ಯಾರದೋ ಕೆಲಸವನ್ನ ನೋಡದೇ ನಂಬಿ ಬದುಕ್ತಾ ಇದ್ದೇವೆ.

ಆ ಬೇರಿಂಗ್ ನಾಳೆಯೇ ಕೈ ಕೊಡಲ್ಲ. ಆರು ತಿಂಗಳು ಓಡಬಹುದು. ಒಂದು ಮಳೆಗಾಲದ ರಾತ್ರಿ ಮಾಲಕ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಇಳೀತಾ ಇದ್ದಾನೆ. ಪೆಡಲ್ ತುಳಿದರೆ ಕ್ಲಚ್ ಬಿಡಲ್ಲ, ಗೇರ್ ಬೀಳಲ್ಲ. ಹಿಂದೆ ಲಾರಿ, ಮುಂದೆ ತಿರುವು, ಫೋನಿಗೆ ಸಿಗ್ನಲ್ ಇಲ್ಲ. ಆ ಹೊತ್ತಿಗೆ ನಮ್ಮ ಹುಡುಗ ಮನೆಯಲ್ಲಿ ಪ್ರಾರ್ಥನೆ ಮಾಡಿ ಮಲಗಿರಬಹುದು.

ಇದು ಬರೀ ಗ್ಯಾರೇಜಿನ ಮಾತಲ್ಲ. 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸಿನ 123ನೇ ವಿಮಾನ ಬೆಟ್ಟಕ್ಕೆ ಬಿದ್ದು 520 ಜನ ಸತ್ತರು, ಉಳಿದದ್ದು ನಾಲ್ಕೇ ಜನ. ತನಿಖೆ ಹೋಗಿ ಮುಟ್ಟಿದ್ದು 1978ರ ಒಂದು ರಿಪೇರಿಗೆ. ವಿಮಾನದ ಬಾಲದ ಕಡೆ ಒಳಗಿನ ಗಾಳಿಯ ಒತ್ತಡ ತಡೆಯೋ ಗೋಡೆಯಲ್ಲಿ ಅಖಂಡವಾದ ಒಂದು ಪಟ್ಟಿ ಹಾಕಬೇಕಿದ್ದ ಕಡೆ ಎರಡು ತುಂಡು ಹಾಕಿದ್ದರು. ಆ ವಿಮಾನ ಹಾಗೇ ಏಳು ವರ್ಷ ಹಾರಿತು. ಅದು ಮೋಸವೋ ತಪ್ಪೋ ಅನ್ನೋದು ಇವತ್ತಿನ ಮಾತಲ್ಲ. ಮುಚ್ಚಿದ ಜಾಗದ ಕೆಲಸ ಸುಮ್ಮನಿರಲ್ಲ, ಅದು ಕಾಯ್ತಾ ಇರುತ್ತೆ. ಇಷ್ಟು ನೆನಪಿಡಿ.

ಈಗ ಒಬ್ಬರು ಕೇಳಬಹುದು: "ಬ್ರದರ್, ಬೇರಿಂಗ್ ಕೈ ಕೊಡದೇ ಇದ್ದರೆ? ಗಾಡಿ ಹತ್ತು ವರ್ಷ ಚೆನ್ನಾಗಿ ಓಡಿದರೆ? ಯಾರಿಗೂ ನಷ್ಟ ಆಗದಿದ್ದರೆ?" ಇದು ಹಳೇ ಪ್ರಶ್ನೆ. ಸುಮಾರು 2400 ವರ್ಷದ ಹಿಂದೆ ಗ್ರೀಸಿನ ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಒಂದು ಕಥೆ ಹೇಳಿಸ್ತಾನೆ. ಒಬ್ಬ ಕುರುಬನಿಗೆ ಒಂದು ಉಂಗುರ ಸಿಗುತ್ತೆ. ಅದರ ಹರಳನ್ನ ಒಳಗೆ ತಿರುಗಿಸಿದರೆ ಅವನು ಯಾರ ಕಣ್ಣಿಗೂ ಕಾಣಲ್ಲ. ಅವನು ಅರಮನೆಗೆ ಹೋಗಿ ರಾಣಿಯನ್ನ ಒಳಗೆ ಹಾಕಿಕೊಂಡು, ರಾಜನನ್ನ ಕೊಂದು, ರಾಜ್ಯವನ್ನೇ ಹೊಡೀತಾನೆ. ಕಥೆ ಕೇಳುವ ಪ್ರಶ್ನೆ ಇದು: ಸಿಕ್ಕಿಬೀಳುವ ಭಯ ಇಲ್ಲದಿದ್ದರೆ ಯಾರಾದರೂ ನ್ಯಾಯವಾಗಿ ಇರ್ತಾರಾ? ಪ್ರಿಯರೇ, ಆ ಉಂಗುರ ನಮಗೆಲ್ಲ ದಿನಾ ಸಿಗ್ತಾ ಇದೆ. ಬೆಲ್ ಹೌಸಿಂಗ್ ಅಂಥ ಉಂಗುರ. ಟೆಸ್ಟ್ ಮಾಡದೇ ಪಾಸ್ ಅಂತ ಟಿಕ್ ಹಾಕೋ ಸಾಫ್ಟ್‌ವೇರ್ ಶೀಟ್ ಅಂಥ ಉಂಗುರ. ರಾತ್ರಿ ಪಾಳಿಯಲ್ಲಿ ಬಿ.ಪಿ. ನೋಡದೇ ಚಾರ್ಟಿನಲ್ಲಿ ಅಂಕಿ ಬರೆಯೋ ನರ್ಸಿನ ಪೆನ್ನು, ಅಳೆಯದೇ ಸಹಿ ಹಾಕೋ ಇನ್‌ಸ್ಪೆಕ್ಷನ್ ರಿಪೋರ್ಟ್, ಎಲ್ಲವೂ ಅದೇ ಉಂಗುರ.

ಈಗ ಪಕ್ಕಕ್ಕಿಟ್ಟ ಆ ಮೊದಲ ಉತ್ತರಕ್ಕೆ ಬರೋಣ. "ದೇವರು ನೋಡ್ತಾನೆ." ನಿಜ. ಆದರೆ ನಾವು ದೇವರನ್ನ ಮೇಲೆ ತೂಗುಹಾಕಿದ ಸಿಸಿಟಿವಿ ಮಾಡಿಬಿಟ್ಟಿದ್ದೇವಾ? ಕ್ಯಾಮೆರಾ ಇದೆ ಅಂತ ಕಳ್ಳತನ ಬಿಟ್ಟವನು ಪ್ರಾಮಾಣಿಕ ಆದನಾ, ಹುಷಾರಾದನಾ? ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದಲ್ಲಿ ದಾಸರಿಗೆ ಹೇಳೋದು, ಕಣ್ಣ ಮುಂದೆ ಇದ್ದಾಗ ಮಾತ್ರ ಮಾಡೋ ಸೇವೆ ಬೇಡ, ಮನಸಾರೆ ಮಾಡಿ ಅಂತ. ಯಜಮಾನರ ಅನ್ಯಾಯಕ್ಕೆ ಅದು ಸಮರ್ಥನೆ ಅಲ್ಲ. ತಕ್ಷಣವೇ 4ನೇ ಅಧ್ಯಾಯದ ಮೊದಲ ವಚನದಲ್ಲಿ ಅವನು ಯಜಮಾನರ ಕಡೆಗೂ ತಿರುಗಿ ನ್ಯಾಯವಾಗಿ ನಡೆಯಿರಿ ಅಂತಾನೆ. ಅವನು ಕೇಳೋದು ಮನಸ್ಸನ್ನ. ದೇವರ ಕಣ್ಣಿಗೆ ಹೆದರಿ ಮಾತ್ರ ಮಾಡಿದರೆ ಅದೂ ಒಂದು ಥರ ಕಣ್ಣ ಮುಂದಿನ ಸೇವೆಯೇ, ಮೇಲ್ವಿಚಾರಕ ಬದಲಾದ ಅಷ್ಟೇ.

ಹಾಗಾದರೆ ಸರಿಯಾದ ಉತ್ತರ ಏನು? ಆ ಬೋಲ್ಟ್ ಬಿಗಿಯೋ ಹೊತ್ತಿನಲ್ಲಿ ಘಾಟಿನಲ್ಲಿ ಹಿಂದಿನ ಸೀಟಿನಲ್ಲಿ ಮಲಗಿರೋ ಆ ಮಗುವನ್ನ ನೆನೆಯೋದು. ಆ ಮಗು ನಿಮಗೆ ಗೊತ್ತಿಲ್ಲ, ನಿಮಗೆ ಥ್ಯಾಂಕ್ಸ್ ಹೇಳಲ್ಲ. ನಿಮ್ಮ ನೆರೆಯವನನ್ನ ಪ್ರೀತಿಸು ಅನ್ನೋ ಆಜ್ಞೆಯನ್ನ ನಾವು ಕಣ್ಣಿಗೆ ಕಾಣೋ ನೆರೆಯವರಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಕಾಣದ ನೆರೆಯವನನ್ನ ಪ್ರೀತಿಸೋಕೆ ನಮ್ಮ ಹತ್ತಿರ ಇರೋ ದಾರಿ ಒಂದೇ, ಅವನ ಕೈಗೆ ತಲುಪೋ ಕೆಲಸವನ್ನ ಸರಿಯಾಗಿ ಮಾಡೋದು. ದೇವರು ನೋಡ್ತಾನೆ ಅಂದರೆ, ನೀವು ನೋಡಲಾಗದ ಆ ಮಗುವನ್ನ ಆತ ನೋಡ್ತಾ ಇದ್ದಾನೆ ಅಂತ. ಅವನ ಕಣ್ಣು ನಿಮ್ಮ ಮೇಲಷ್ಟೇ ಅಲ್ಲ, ಅವಳ ಮೇಲೂ ಇದೆ. ಆಮೆನ್ ಅನ್ನಿ.

ಇನ್ನು ಆ ಹುಡುಗನ ಕಷ್ಟ. ಅವನು ಮಾಲಕನಲ್ಲ, ಹೆಲ್ಪರ್. ಮನೆ ಬಾಡಿಗೆ ಇದೆ, ತಂಗಿಯ ಫೀಸ್ ಇದೆ. ಅವನಿಗೆ ಏನು ಹೇಳೋಣ? ಮೊದಲು, ಮರ್ಯಾದೆಯಿಂದ, ಒಬ್ಬರೇ ಇದ್ದಾಗ ಹೇಳು: "ಅಣ್ಣಾ, ಹೊಸಾದು ಅಂತ ಬರಿಯೂದು ಬ್ಯಾಡ. ಹಳೇದು ಅಂತ ಹೇಳಿ ಕೇಳೂಣು." ಎಷ್ಟೋ ಮಿಸ್ತ್ರಿಗಳು ಅಷ್ಟಕ್ಕೇ ಒಪ್ತಾರೆ, ಯಾಕಂದ್ರೆ ಗೇರ್ ಬಾಕ್ಸ್ ಮತ್ತೆ ಇಳಿಸೋ ಕೂಲಿ ಎಷ್ಟು ಅಂತ ಅವರಿಗೂ ಗೊತ್ತು. ಒಪ್ಪದಿದ್ದರೆ, ಆ ಸುಳ್ಳನ್ನ ನಿನ್ನ ಕೈಯಿಂದ ಬರೆಯಬೇಡ. ಗಾಡಿ ಮಾಲಕ ಬಂದು ಕೇಳಿದರೆ ಇದ್ದದ್ದು ಹೇಳು. ಕೆಲಸ ಹೋಗಬಹುದು. ನಾನು ಇಲ್ಲಿ ನಿಂತು "ಕರ್ತನು ನಿನಗೆ ಎರಡರಷ್ಟು ಸಂಬಳದ ಕೆಲಸ ಕೊಡ್ತಾನೆ" ಅಂತ ಹೇಳಲ್ಲ. ಕೊಡಬಹುದು, ಕೊಡದೇ ಇರಬಹುದು. ಪ್ರಾಮಾಣಿಕತೆಗೆ ಬೆಲೆ ಇಲ್ಲದಿದ್ದರೆ ಅದನ್ನ ಎಲ್ಲರೂ ಇಟ್ಟುಕೊಳ್ತಿದ್ದರು. ಆದರೆ ಸಭೆಗೆ ಒಂದು ಮಾತು: ಅಂಥ ಹುಡುಗನ ಕೆಲಸ ಹೋದರೆ, ಆ ತಿಂಗಳ ಬಾಡಿಗೆ ಅವನೊಬ್ಬನ ಚಿಂತೆ ಆಗಬಾರದು. ಅವನಿಗೆ ಸಾಕ್ಷಿ ಹೇಳು ಅಂತ ಮೈಕ್ ಕೊಟ್ಟು, ಅಕ್ಕಿ ಕೊಡದೇ ಕಳಿಸಿದರೆ ನಮ್ಮ ಒಳಗೂ ಒಂದು ಹಳೇ ಬೇರಿಂಗ್ ಇದೆ ಅಂತ ಅರ್ಥ.

ಕೊನೆಗೆ ಒಂದು ಮಾತು. ಬೇರಿಂಗ್ ಸಣ್ಣ ವಸ್ತು. ಕಷ್ಟ ಇರೋದು ಅದನ್ನ ಕೊಳ್ಳೋದರಲ್ಲಿ ಅಲ್ಲ, ಅಲ್ಲಿಗೆ ತಲುಪೋದರಲ್ಲಿ. ಎಂಜಿನ್ ಹೊರಗಿರುವಾಗ ಅದು ಕೆಲವೇ ನಿಮಿಷದ ಕೆಲಸ, ಮುಚ್ಚಿದ ಮೇಲೆ ದಿನಗಟ್ಟಲೆ ಕೆಲಸ. ನಿಮ್ಮಲ್ಲಿ ಬಹಳ ಜನ ಈಗಷ್ಟೇ ಕೆಲಸಕ್ಕೆ ಸೇರಿದ್ದೀರಿ, ರೂಢಿಗಳು ಇನ್ನೂ ಬಿಗಿಯಾಗಿಲ್ಲ. ಎಲ್ಲಾ ಇನ್ನೂ ತೆರೆದಿದೆ. ಈ ವಾರ ನಿಮ್ಮ ಕೈಯಿಂದಲೇ ಮುಚ್ಚಿ ಹೋಗೋ ಒಂದು ಕೆಲಸ ಯಾವುದು ಅಂತ ಹುಡುಕಿ. ಮುಚ್ಚುವ ಮುಂಚೆ ಇನ್ನೊಂದು ಸಲ ಕೈ ಹಾಕಿ ನೋಡಿ.

ಪ್ರಾರ್ಥಿಸೋಣ. ತಂದೆಯೇ, ನಮಗೆ ಕಾಣದವರನ್ನ ನೀನು ಕಾಣ್ತೀ. ಅವರಿಗೆ ನಮ್ಮ ಕೈಯಿಂದ ಕೇಡಾಗದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.