ಗುಂಗುರು ಕೂದಲಿನ ಲೆಕ್ಕ

ಬೆಕ್ಕು ಬೇಕೆಂದು ಮಗಳು ಎರಡು ವರ್ಷದಿಂದ ಹಟ ಹಿಡಿದಿದ್ದಳು. ಬೆಕ್ಕಿದ್ದ ಮನೆಗೆ ಹೋದರೆ ಹೆಂಡತಿಗೆ ಸೀನು. ಕೊನೆಗೆ ಇಬ್ಬರೂ ಒಪ್ಪಿದ್ದು ಕಾರ್ನಿಷ್ ರೆಕ್ಸ್ ಎಂಬ ತಳಿಗೆ. ದೊಡ್ಡ ಕಿವಿ, ತೆಳ್ಳನೆಯ ಮೈ, ಮೈತುಂಬ ಅಲೆ ಅಲೆಯಾದ ಗುಂಗುರು ಕೂದಲು, ಮುಟ್ಟಿದರೆ ಮಖಮಲ್ಲು. ಇಂಥ ಬೆಕ್ಕಿನಿಂದ ಅಲರ್ಜಿಯಾಗುವುದಿಲ್ಲವೆಂದು ಯಾರೋ ಹೇಳಿದ್ದರು.

ಓದಿ ನೋಡಿದಾಗ ಆ ಮಾತು ನಿಲ್ಲಲಿಲ್ಲ. ಸೀನು ತರಿಸುವುದು ಕೂದಲಲ್ಲ, ಬೆಕ್ಕಿನ ಎಂಜಲಿನಲ್ಲೂ ಚರ್ಮದಲ್ಲೂ ಇರುವ ಪ್ರೋಟೀನು. ಗುಂಗುರು ಬೆಕ್ಕೂ ಮೈ ನೆಕ್ಕಿಕೊಳ್ಳುತ್ತದೆ. ಹಾಗಾದರೆ ಉಳಿದದ್ದು ಒಂದೇ ಕಾರಣ: ಚಂದ. ಚಂದವೆಂದು ಒಂದು ಜೀವವನ್ನು ಆರಿಸಿಕೊಂಡರೆ ತಪ್ಪೇನು?

ಮರಿ ನೋಡಲು ಹೋದಾಗ ಸಾಕಿದಾಕೆ ಅದರ ವಂಶಾವಳಿಯನ್ನು ಮುಂದಿಟ್ಟರು. ಲೆಕ್ಕ ತಪಾಸಣೆ ನನ್ನ ಕಸುಬು. ಒಂದೇ ಹೆಸರು ಎರಡು ಕಡೆ ಕಂಡರೆ ಬೆರಳು ಅಲ್ಲೇ ನಿಲ್ಲುತ್ತದೆ. ತಂದೆಯ ಕಡೆಯ ಅಜ್ಜನೇ ತಾಯಿಯ ಕಡೆಯ ಮುತ್ತಜ್ಜ. ಆಕೆ ಏನನ್ನೂ ಮುಚ್ಚಿಡಲಿಲ್ಲ. ಈ ತಳಿ ಶುರುವಾದದ್ದೇ ಹಾಗೆ. 1950ರಲ್ಲಿ ಕಾರ್ನ್‌ವಾಲ್‌ನ ಬಾಡ್ಮಿನ್ ಮೂರ್‌ನಲ್ಲಿ ಸಾಧಾರಣ ಬೆಕ್ಕೊಂದು ಈದ ಮರಿಗಳಲ್ಲಿ ಒಂದಕ್ಕೆ ಮಾತ್ರ ಗುಂಗುರು ಕೂದಲಿತ್ತು. ಕ್ಯಾಲಿಬಂಕರ್ ಎಂದು ಹೆಸರಿಟ್ಟರು. ಈ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಒಬ್ಬರಿಂದ ಬಂದರೆ ಒಳಗೇ ಅಡಗಿರುತ್ತದೆ. ಅದಕ್ಕೇ ಅವನನ್ನು ಹೆತ್ತ ತಾಯಿಯ ಜೊತೆಗೇ ಕೂಡಿಸಿದರು. ಆಮೇಲೆ ಬೇರೆ ತಳಿಗಳನ್ನು ಬೆರೆಸಿದರೆನ್ನಿ. ಆದರೂ ಗುಂಗುರು ಮತ್ತೆ ಬೇಕೆಂದರೆ ಅದೇ ರಕ್ತಕ್ಕೆ ಮರಳಲೇಬೇಕು.

ಇದನ್ನು ಕೇಳಿ ಮೂಗು ಮುರಿಯುವ ಅರ್ಹತೆ ನನಗಿಲ್ಲ. ನಮ್ಮಜ್ಜಿ ಸೋದರಮಾವನನ್ನೇ ಮದುವೆಯಾದವಳು. ಆಸ್ತಿ ಮನೆಯಲ್ಲೇ ಉಳಿಯಲಿ ಎಂದು ಹಿರಿಯರು ಮಾಡಿದ ಏರ್ಪಾಡು. ಹದಿನಾಲ್ಕು ವರ್ಷದ ಅವಳನ್ನು ಯಾರೂ ಕೇಳಿರಲಿಲ್ಲ ಎಂಬುದು, ನಲವತ್ತು ದಾಟಿದ ನನಗೆ ಹೊಳೆದದ್ದು ಆ ಬೆಕ್ಕಿನ ವಂಶಾವಳಿಯ ಮುಂದೆ.

ಕಾರಿನಲ್ಲಿ ಹೆಂಡತಿ ಕೇಳಿದಳು: "ಆ ಮರಿ ಹುಟ್ಟಿಯಾಗಿದೆ. ನಾವು ಬಿಟ್ಟು ಬಂದರೆ ಅದಕ್ಕೇನು ಉಪಕಾರವಾಯಿತು?"

ಸರಿಯಾದ ಪ್ರಶ್ನೆ. ಆ ಮರಿಗೆ ಏನೂ ಆಗುವುದಿಲ್ಲ. ಬೇರೆ ಯಾರೋ ಕೊಳ್ಳುತ್ತಾರೆ, ಮುದ್ದಾಗಿಯೇ ಸಾಕುತ್ತಾರೆ. ಆದರೆ ವ್ಯಾಪಾರದ ಪುಸ್ತಕ ನೋಡುವವನಿಗೆ ಒಂದು ಸಂಗತಿ ಗೊತ್ತು: ಪ್ರತಿ ಮಾರಾಟವೂ ಮುಂದಿನ ಸರಕಿಗೆ ಬರೆದುಕೊಟ್ಟ ಆರ್ಡರು. ನಾನು ಕೊಡುವ ಪೌಂಡು ಹುಟ್ಟಿದ ಮರಿಗೆ ತಲುಪುವುದಿಲ್ಲ, ಹುಟ್ಟಬೇಕಾದ ಮರಿಗಳಿಗೆ ತಲುಪುತ್ತದೆ. ಚಂದ ನಮ್ಮ ಜಮೆಗೆ. ಏನಾದರೂ ನಷ್ಟವಾದರೆ ಅದು ಸಹಿ ಹಾಕಲಾರದ ಪ್ರಾಣಿಯ ಖರ್ಚಿಗೆ. ಇಂಥ ಲೆಕ್ಕಪತ್ರ ನನ್ನ ಮೇಜಿಗೆ ಬಂದಿದ್ದರೆ ಸಹಿ ಹಾಕುತ್ತಿದ್ದೆನೇ?

ಕೊನೆಗೆ ಅನಾಥ ಬೆಕ್ಕುಗಳ ಆಶ್ರಯಧಾಮದಿಂದ ಒಂದನ್ನು ತಂದೆವು. ಅದಕ್ಕೂ ಮೊದಲು ಮೂರು ವಾರ ಹೋಗಿ ಬಂದು, ಹೆಂಡತಿಗೆ ಯಾವುದು ಕಡಿಮೆ ಸೀನು ತರಿಸುತ್ತದೆಂದು ನೋಡಿದೆವು. ಬಂದದ್ದು ನೆಟ್ಟಗಿನ ಕೂದಲಿನ, ಬೂದು ಪಟ್ಟೆಯ ಹೆಣ್ಣು. ಅಪ್ಪನ ಧರ್ಮಸೂಕ್ಷ್ಮಕ್ಕೆ ತನ್ನ ಗುಂಗುರು ಬೆಕ್ಕು ಬಲಿಯಾಯಿತೆಂದು ಮಗಳು ಎರಡು ದಿನ ಮಾತು ಬಿಟ್ಟಳು.

ನಾನು ಗೆದ್ದೆನೆಂದೇನೂ ಅನ್ನಿಸಿಲ್ಲ. ಅಲ್ಲಿ ಪಕ್ಕದ ಗೂಡಿನಲ್ಲಿ ಒಂದು ಕಣ್ಣಿಲ್ಲದ ಮುದಿ ಕರಿ ಬೆಕ್ಕಿತ್ತು. ಅದರ ಹತ್ತಿರ ಕೂತರೆ ಹೆಂಡತಿ ಸೀನುತ್ತಾಳೋ ಇಲ್ಲವೋ ಎಂದು ನಾವು ಒಂದು ವಾರವೂ ನೋಡಲಿಲ್ಲ.