ಬಲಿಯೇಂದ್ರನನ್ನು ಕರೆಯುವ ಬಾಯಿ

ನಮ್ಮ ಗಡಿನಾಡಿನಲ್ಲಿ ಒಬ್ಬನೇ ಅಸುರನಿಗೆ ವರ್ಷದಲ್ಲಿ ಎರಡು ಸಲ ಸ್ವಾಗತ. ಸಿಂಹಮಾಸದ ತಿರುವೋಣದಂದು ನೆರೆಯ ಮಲಯಾಳಿ ಮನೆಗಳ ಅಂಗಳದಲ್ಲಿ, ಹೂವಿನ ಕಳದ ಎದುರು, ಅವನು ಮಾವೇಲಿ. ದೀಪಾವಳಿಯ ಸಂಜೆ ನಮ್ಮ ಅಂಗಳದಲ್ಲಿ ನೆಟ್ಟ ಹಾಲೆಮರದ ಬುಡದಲ್ಲಿ ಅವನೇ ಬಲಿಯೇಂದ್ರ. ಕೀಳೂರಿನ ಧರ್ಮಶಾಸ್ತಾ ದೇವಸ್ಥಾನದಲ್ಲಿ ಅವನಿಗೆ ಪೊಲಿಯಂದ್ರನೆಂದು ಹೆಸರು. ಅಲ್ಲಿ ಹಾಲೆಮರ ನಿಲ್ಲಿಸಿ ದೀಪ ಹಚ್ಚಿ ಅವನನ್ನು ಕರೆಯುವಾಗ ಊರೇ ನೆರೆಯುತ್ತದೆ. ಭಾಷೆ ದಾಟುವಾಗ ಹೆಸರು ತುಸು ತಿರುಗುತ್ತದೆ, ಅಷ್ಟೆ.

ಬಾಲ್ಯದಲ್ಲಿ ಇದು ನನಗೆ ದೊಡ್ಡ ಒಗಟಾಗಿತ್ತು. ಚತುರ್ದಶಿಯ ಬೆಳಗಿನ ಜಾವ ನರಕಾಸುರ ಸತ್ತನೆಂದು ಎಣ್ಣೆ ಹಚ್ಚಿ ಮೀಯುತ್ತೇವೆ. ಮೈಯ ಎಣ್ಣೆಯ ಜಿಡ್ಡು ಪೂರ್ತಿ ಹೋಗುವ ಮೊದಲೇ ಇನ್ನೊಬ್ಬ ಅಸುರನನ್ನು ಬಾ ಎಂದು ಕರೆಯುತ್ತೇವೆ. ಅವನು ಕೆಟ್ಟವನಾದರೆ ಕರೆಯುವುದೇಕೆ? ಒಳ್ಳೆಯವನಾದರೆ ಪಾತಾಳಕ್ಕೆ ತುಳಿದದ್ದೇಕೆ? ಅಜ್ಜನನ್ನು ಕೇಳಿದರೆ, "ದಾನ ಕೊಡುತ್ತೇನೆಂಬ ಅಹಂಕಾರ ಇತ್ತಲ್ಲ ಮಾಣಿ, ಅದಕ್ಕೆ" ಎನ್ನುತ್ತಿದ್ದರು.

ದೊಡ್ಡವನಾದ ಮೇಲೆ ಭಾಗವತದ ಎಂಟನೆಯ ಸ್ಕಂಧವನ್ನು ಓದಿದೆ. ಅಜ್ಜನ ಉತ್ತರ ಸಾಲದೆನಿಸಿತು. ಬಂದ ವಟು ಯಾರೆಂದು ಗುರು ಶುಕ್ರಾಚಾರ್ಯರು ಮೊದಲೇ ಎಚ್ಚರಿಸುತ್ತಾರೆ. ಕೊಟ್ಟ ಮಾತನ್ನು ಹಿಂದೆಗೆದುಕೋ ಎನ್ನುತ್ತಾರೆ. ಬಲಿ ಒಪ್ಪುವುದಿಲ್ಲ, ಗುರುವಿನ ಶಾಪವನ್ನೂ ಹೊರುತ್ತಾನೆ. ಮೂರನೆಯ ಹೆಜ್ಜೆಗೆ ತನ್ನ ತಲೆಯನ್ನೇ ಒಡ್ಡುತ್ತಾನೆ. ಅವನನ್ನು ಸುತಲಕ್ಕೆ ಕಳುಹಿಸಿದ ವಿಷ್ಣು ಅಲ್ಲಿ ಅವನ ಬಾಗಿಲು ಕಾಯುತ್ತಾನೆ, ಮುಂದೆ ಸಾವರ್ಣಿ ಮನ್ವಂತರದಲ್ಲಿ ಇಂದ್ರಪದವಿಯ ಭರವಸೆಯನ್ನೂ ಕೊಡುತ್ತಾನೆ. ಶಿಕ್ಷಿಸಿದವನೇ ಕಾವಲು ನಿಲ್ಲಬೇಕಾದರೆ ಅಪರಾಧ ಯಾರದೆಂಬ ಪ್ರಶ್ನೆ ಪುರಾಣಕ್ಕೂ ಇತ್ತೆಂದೇ ನನ್ನ ಎಣಿಕೆ. ನಮ್ಮ ಮಲಯಾಳಿ ಬಂಧುಗಳಂತೂ ಇದನ್ನು ತೀರ್ಮಾನಿಸುವ ಗೋಜಿಗೇ ಹೋಗಿಲ್ಲ. ಕೊಚ್ಚಿಯ ಹತ್ತಿರದ ತೃಕ್ಕಾಕರದಲ್ಲಿ ಪೂಜೆ ವಾಮನನಿಗೆ. ಓಣಂಗೆ ಅಂಗಳದಲ್ಲಿ ಇಡುವ ಮಣ್ಣಿನ ಗೋಪುರಕ್ಕೆ ಹೆಸರು ತೃಕ್ಕಾಕರಪ್ಪ. ಅದು ವಾಮನನೋ ಮಾವೇಲಿಯೋ ಎಂದರೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ.

ಆದರೆ ನನ್ನನ್ನು ಕಾಡಿದ್ದು ಪುರಾಣದ ಬಲಿಗಿಂತ ನಮ್ಮ ಮನೆಯ ಬಲಿಯೇಂದ್ರ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕನ್ನಡ ಶಾಲೆಗೂ ಓಣಂ ರಜೆ ಬಂತು. ರಜೆಗೆ ಮುಂಚೆ ಮಲಯಾಳದ ಮಕ್ಕಳು ಮಾವೇಲಿಯ ಹಾಡು ಹೇಳುತ್ತಿದ್ದರು. ಅವನ ಆಳ್ವಿಕೆಯಲ್ಲಿ ಕಳ್ಳ ಅಳತೆಯೇ ಇರಲಿಲ್ಲವೆಂಬ ಮಾತು ಅದರಲ್ಲಿ ಬರುತ್ತದೆ. ಅದನ್ನು ಕೇಳಿ ಮನೆಗೆ ಬಂದ ದಿನ ನಾನು ಪತ್ತಾಯದ ಬದಿಯಲ್ಲಿದ್ದ ನಮ್ಮ ಎರಡು ಕಳಸೆಗಳನ್ನು ಇಳಿಸಿದೆ. ಒಂದರಲ್ಲಿ ಒಕ್ಕಲಿನವರು ತಂದ ಗೇಣಿಯ ಭತ್ತವನ್ನು ಅಳೆಯುತ್ತಿದ್ದರು, ಇನ್ನೊಂದರಲ್ಲಿ ಆಳುಗಳಿಗೆ ಕೂಲಿ ಅಳೆದು ಕೊಡುತ್ತಿದ್ದರು. ಗೇಣಿಯದರಲ್ಲಿ ಭತ್ತ ತುಂಬಿಸಿ ಕೂಲಿಯದಕ್ಕೆ ಸುರಿದೆ. ಎರಡು ಕುಡ್ತೆಯಷ್ಟು ಹೊರಗೆ ಚೆಲ್ಲಿತು.

ಅಜ್ಜ ನೋಡಿದರು. ಬೈಯಲಿಲ್ಲ. "ಗೇಣಿಯ ಭತ್ತದಲ್ಲಿ ಜೊಳ್ಳು ಇರ್ತದಲ್ಲ ಮಾಣಿ" ಎಂದರು.

ಅಜ್ಜ ಕ್ರೂರಿಯಲ್ಲ. ಹಸಿದು ಬಂದವರು ಉಣ್ಣದೆ ನಮ್ಮ ಅಂಗಳದಿಂದ ಹೋದದ್ದಿಲ್ಲ. ಒಕ್ಕಲಿನವರ ಮದುವೆಗೆ ಅಕ್ಕಿಮುಡಿ ಹೋಗುತ್ತಿತ್ತು. ದೀಪಾವಳಿಯಂದು ಅದೇ ಅಜ್ಜ ನೇಗಿಲು, ನೊಗ, ಕಳಸೆ ಎಲ್ಲವನ್ನೂ ತೊಳೆಸಿ ಹಾಲೆಮರದ ಬುಡದಲ್ಲಿಟ್ಟು, ಗದ್ದೆಗೆ ದೀಪ ಒಯ್ದು, ಕಣ್ಣಲ್ಲಿ ನೀರು ತಂದುಕೊಂಡು ಬಲಿಯೇಂದ್ರನನ್ನು ಕೂಗಿ ಕರೆಯುತ್ತಿದ್ದರು. ಆ ಕಣ್ಣೀರು ಸುಳ್ಳೆಂದು ನಾನು ಎಂದೂ ಹೇಳಲಾರೆ. ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ತುಳುವಿನಲ್ಲಿ ಬಲಿಯನ್ನು ಕರೆಯುವ ಮಾತುಗಳನ್ನು ಕೇಳಿದವರಿಗೆ ಗೊತ್ತು, ಅದರಲ್ಲಿ ನಡೆಯಲಾರದ ಸಂಗತಿಗಳ ಒಂದು ಸಾಲೇ ಇದೆ. ಅವೆಲ್ಲ ನಡೆದ ಕಾಲಕ್ಕೆ ನೀನು ನಿನ್ನ ನಾಡನ್ನು ಆಳಲು ಬಾ ಎಂದು ಅದರ ತಾತ್ಪರ್ಯ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಬಂದು ದೀಪ ನೋಡಿಕೊಂಡು ಹೋಗು. ಚಿಕ್ಕಂದಿನಲ್ಲಿ ಇದು ವಾಮನನ ಮೋಸದ ಮುಂದುವರಿಕೆ ಎಂದುಕೊಂಡಿದ್ದೆ. ಈಗ ಆ ಷರತ್ತು ನಮ್ಮದೇ ಎನಿಸುತ್ತದೆ. ಅವನು ನಿಜಕ್ಕೂ ಬಂದು ನಿಂತರೆ ಮೊದಲು ಕೇಳುವುದು ಕಳಸೆಯನ್ನೇ. ಒಂದು ದಿನದ ಅತಿಥಿಯಾದರೆ ಹೂ ಮುಡಿಸಿ, ಅವಲಕ್ಕಿ ಕೊಟ್ಟು ಕಳುಹಿಸಬಹುದು. ಬೇರೆಯವರ ಮಾತು ನನಗೆ ತಿಳಿಯದು. ನಮ್ಮ ಮನೆಯ ಭಕ್ತಿಯಲ್ಲಿ ಈ ಲೆಕ್ಕಾಚಾರವಿತ್ತು.

1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಮುಗಿಯಿತು. ಭೂಮಿ ಉಳುವವರದಾಯಿತು. ಅಜ್ಜ ಅದಾಗಿ ಹೆಚ್ಚು ಕಾಲ ಬದುಕಲಿಲ್ಲ. ಅನ್ಯಾಯವಾಯಿತು ಎನ್ನುತ್ತಲೇ ಹೋದರು. ನನಗೂ ಆಗ ಹಾಗೆಯೇ ಕಂಡಿತ್ತು. ತುಳಿಸಿಕೊಂಡವನು ಬಲಿ, ತುಳಿಸಿಕೊಂಡವರು ನಾವು ಎಂದು ಗೆಳೆಯರೆದುರು ವಾದಿಸಿದ್ದೇನೆ. ಆ ಮಾತನ್ನು ನೆನೆದರೆ ಈಗ ಮುಖ ಬಿಸಿಯಾಗುತ್ತದೆ.

ನಮ್ಮ ಹಳೆಯ ಒಕ್ಕಲಿನವರ ಮನೆಯಲ್ಲಿ ಈಗ ಬಲಿಯೇಂದ್ರನ ಮರ ನಮ್ಮದಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ. ನಮ್ಮಲ್ಲಿ ಗದ್ದೆಯೇ ಇಲ್ಲ, ಎಲ್ಲ ಅಡಿಕೆ ತೋಟ. ತೋಟದ ನಡುವೆ ನಿಂತು ಕೂಗುವುದು ನನಗೇ ನಾಟಕದಂತೆ ಕಾಣುತ್ತದೆ. ಕಳೆದ ದೀಪಾವಳಿಗೆ ಆ ಮನೆಯ ಮೊಮ್ಮಗ ಬಂದ. "ಮಾಸ್ಟ್ರೇ, ಮರದ ಬುಡದಲ್ಲಿ ಇಡ್ಲಿಕ್ಕೆ ಒಂದು ಕಳಸೆ ಬೇಕಿತ್ತು. ನಮ್ಮಲ್ಲಿ ಇಲ್ಲ" ಎಂದ. ಅಟ್ಟದಿಂದ ಎರಡನ್ನೂ ಇಳಿಸಿ ಒರಸಿದೆ. ಯಾವುದನ್ನು ಕೊಡಲೆಂದು ತೋಚದೆ ಎರಡನ್ನೂ ಜಗಲಿಯಲ್ಲಿಟ್ಟೆ. ಹುಡುಗ ಬಗ್ಗಿ ನೋಡಿದ.

"ಯಾವುದು ಬೇಕು ಮಗಾ?"

"ಗೇಣಿಯದ್ದನ್ನೇ ಕೇಳಿ ತಾ ಅಂತ ಅಜ್ಜಿ ಹೇಳಿದ್ದಾರೆ" ಎಂದು ದೊಡ್ಡದನ್ನು ಎತ್ತಿಕೊಂಡು ಹೋದ.

ಅದು ಇನ್ನೂ ಅಲ್ಲೇ ಇದೆ. ನಾನು ಕೇಳಿಲ್ಲ.