ಇಂದಿನ ಧಮ್ಮ ಚಿಂತನೆ: ಪೀಠದ ಮೇಲಿನ ಬಟ್ಟೆ



ಈ ವಾರ ನಮ್ಮ ಶಾಲೆಯ ಪ್ರವಾಸಕ್ಕೆ ಒಪ್ಪಿಗೆ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಮೇಷ್ಟ್ರು ಅಂದಮೇಲೆ ಶಾಲೆಯ ಪತ್ರಗಳೆಲ್ಲ ನಮ್ಮ ತಲೆಗೇ ಕಟ್ಟಿದ್ದು. ಹಳೆಯ ಪತ್ರ ತೆಗೆದು ನೋಡಿದೆ. ಪ್ರವಾಸದಲ್ಲಿ ಯಾವುದೇ ಅನಾಹುತವಾದರೂ ಶಾಲೆಯಾಗಲಿ ಶಿಕ್ಷಕರಾಗಲಿ ಜವಾಬ್ದಾರರಲ್ಲ ಎಂದು ಕೊನೆಯಲ್ಲಿ ಒಂದು ಸಾಲಿತ್ತು. ವರ್ಷಾ ವರ್ಷ ಇದಕ್ಕೆ ತಂದೆ ತಾಯಂದಿರಿಂದ ಸಹಿ ಹಾಕಿಸಿಕೊಂಡಿದ್ದೇವೆ, ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೇವೆ. ಆ ಸಾಲು ಬರೆದವನೂ ನಾನೇ.

ಈ ಸಲದ ಪಟ್ಟಿಯಲ್ಲಿ ದೋಣಿ ವಿಹಾರವೂ ಇದೆ. ಸ್ಟಾಫ್ ರೂಮಿನಲ್ಲಿ ಆ ಮಾತು ಎದ್ದಾಗ ಒಬ್ಬರು ವಡೋದರಾ ದುರಂತ ನೆನಪಿಸಿದರು. 2024ರ ಜನವರಿ 18. ಶಾಲೆಯ ಮಕ್ಕಳು ಪಿಕ್ನಿಕ್‌ಗೆಂದು ನಗರದ ಹರಣಿ ಕೆರೆಗೆ ಹೋಗಿದ್ದರು. ದೋಣಿಗೆ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದ್ದರು. ಲೈಫ್ ಜಾಕೆಟ್ ಎಲ್ಲರಿಗೂ ಇರಲಿಲ್ಲ. ದೋಣಿ ಮಗುಚಿ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಸತ್ತರು.

ಮಾತು ಎಲ್ಲೆಲ್ಲಿಗೋ ಹೋಯಿತು. ದೋಣಿಯವನನ್ನು ನೇಣಿಗೆ ಹಾಕಬೇಕು ಎಂದರು ಒಬ್ಬರು. ಆ ಟೀಚರುಗಳಿಗೆ ಬುದ್ಧಿ ಬೇಡವಾ, ಜಾಕೆಟ್ ಇಲ್ಲದೆ ಮಕ್ಕಳನ್ನು ಯಾಕೆ ಹತ್ತಿಸಿದರು ಎಂದರು ಇನ್ನೊಬ್ಬರು. ಕೊನೆಗೆ ಹಿರಿಯರೊಬ್ಬರು, "ಏನು ಮಾಡೋಕಾಗುತ್ತೆ ಸಾರ್, ಅವರವರ ಕರ್ಮ. ಋಣ ಅಷ್ಟೇ ಇತ್ತು" ಎಂದು ಟೀ ಲೋಟ ಕೆಳಗಿಟ್ಟರು. ಎಲ್ಲರೂ ತಲೆಯಾಡಿಸಿ ತರಗತಿಗೆ ಎದ್ದರು.

ನಮಗೆ ವಡೋದರಾ ಅಂದರೆ ಸಂಕಲ್ಪ ಭೂಮಿ. 1917ರಲ್ಲಿ ಬಾಬಾಸಾಹೇಬರನ್ನು ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಹಾಕಿದ್ದು, ಇರಲು ಎಲ್ಲೂ ಜಾಗ ಸಿಗದೆ ಅವರು ಕಾಮಾಠಿ ಬಾಗ್‌ನಲ್ಲಿ ಗಂಟೆಗಟ್ಟಲೆ ಕೂತದ್ದು ಅದೇ ಊರಿನಲ್ಲಿ. ನಮ್ಮವರು ಊರಾಚೆ ಇರುವುದಕ್ಕೂ ಹಿಂದಿನ ಜನ್ಮದ ಕರ್ಮವೇ ಕಾರಣ ಎಂದು ಎಷ್ಟು ತಲೆಮಾರು ಹೇಳಿಸಿಕೊಂಡೆವು! 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಪೂರ್ವಜನ್ಮದ ಕರ್ಮದ ವಾದವನ್ನು ಖಡಾಖಂಡಿತವಾಗಿ ತಳ್ಳಿಹಾಕಿದ್ದು ಇದಕ್ಕೇ. ಬಡವರ ಕಷ್ಟಕ್ಕೆ ಸಮಾಜವೂ ಸರ್ಕಾರವೂ ಉತ್ತರ ಕೊಡಬೇಕಾದ ಕಡೆ ಆ ವಾದ ಅವರನ್ನು ನುಣುಚಿಕೊಳ್ಳಲು ಬಿಡುತ್ತದೆ. ಒಂದು ಮಗು ನೀರಿನಲ್ಲಿ ಮುಳುಗಿದ್ದಕ್ಕೆ ಅದರ ಕರ್ಮ ಕಾರಣ ಎಂದರೆ ದೋಣಿ, ಗುತ್ತಿಗೆ, ಪರವಾನಗಿ ಎಲ್ಲವೂ ಒಂದೇ ಮಾತಿನಲ್ಲಿ ಪಾರಾದವು. ಈ ಮಾತು ನಮ್ಮ ಬಾಯಲ್ಲಿ ಬರಬಾರದು. ಸಂತಾಪ ಹೇಳುವಾಗಲೂ ಬರಬಾರದು.

ಆದರೆ ಕಷ್ಟದ ಪ್ರಶ್ನೆ ಬಂದದ್ದು ಕಳೆದ ಭಾನುವಾರ ನಮ್ಮ ಓದಿನ ಕೂಟದಲ್ಲೇ. ಹುಡುಗನೊಬ್ಬ ಕೇಳಿದ: "ಸರ್, ಚೇತನವೇ ಕಮ್ಮ ಅಂತ ಬುದ್ಧರು ಹೇಳಿದ್ದಾರೆ. ಚೇತನ ಅಂದ್ರೆ ಉದ್ದೇಶ. ದೋಣಿಯವನಿಗೆ ಕೊಲ್ಲೋ ಉದ್ದೇಶ ಇರಲಿಲ್ಲವಲ್ಲ. ಹಾಗಾದ್ರೆ ನಮ್ಮ ಧಮ್ಮದ ಪ್ರಕಾರ ಅವನದು ತಪ್ಪೇ ಅಲ್ವಾ?" ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ವಿನಯಪಿಟಕ ತೆಗೆದೆ.

ಅಲ್ಲಿ ಒಂದು ಪ್ರಸಂಗವಿದೆ. ಭಿಕ್ಷೆಗೆ ಹೋದ ಭಿಕ್ಕುವೊಬ್ಬ ಒಂದು ಮನೆಯಲ್ಲಿ ಪೀಠದ ಮೇಲೆ ಕೂತ. ಆ ಪೀಠದ ಮೇಲೆ ಬಟ್ಟೆ ಹೊದಿಸಿ ಮಗುವನ್ನು ಮಲಗಿಸಿದ್ದರು. ಅವನು ನೋಡಲಿಲ್ಲ. ಅವನ ಭಾರಕ್ಕೆ ಮಗು ಸತ್ತಿತು. ಕೊಲೆ ಮಾಡಿದ ಭಿಕ್ಕುವನ್ನು ಸಂಘದಿಂದ ಹೊರಹಾಕುವುದೇ ನಿಯಮ. ತನ್ನ ಕಥೆ ಮುಗಿಯಿತೆಂದು ಅವನು ಹೆದರಿ ಬುದ್ಧರ ಹತ್ತಿರ ಬಂದ. ಇದು ಆ ಅಪರಾಧವಲ್ಲ ಎಂದರು ಬುದ್ಧರು. ಆದರೆ ಅಲ್ಲಿಗೇ ಬಿಡಲಿಲ್ಲ. ಇನ್ನು ಮುಂದೆ ಯಾವ ಭಿಕ್ಕುವೂ ಪರೀಕ್ಷಿಸಿ ನೋಡದೆ ಆಸನದ ಮೇಲೆ ಕೂರಬಾರದು, ಕೂತರೆ ಅದು ದೋಷ ಎಂದು ನಿಯಮ ಮಾಡಿದರು.

ಆ ಮಗುವಿನ ತಾಯಿಯ ಬಗ್ಗೆ ಆ ಪ್ರಸಂಗದಲ್ಲಿ ಒಂದು ಮಾತೂ ಇಲ್ಲ. ಓದಿದಾಗಲೆಲ್ಲ ನನಗೆ ಅದೊಂದು ಕೊರತೆ ಕಾಣುತ್ತದೆ, ಹೇಳದೆ ಇರಲಾರೆ. ಆದರೂ ಬುದ್ಧರು ಆ ಭಿಕ್ಕುವನ್ನು ಕೊಲೆಗಾರ ಎನ್ನಲಿಲ್ಲ, ಅವನದೇನೂ ಇಲ್ಲ ಎಂದೂ ಅನ್ನಲಿಲ್ಲ. ನೋಡದೆ ಕೂರುವುದೇ ತಪ್ಪು ಎಂದರು, ಮಗು ಸತ್ತರೂ ಸಾಯದಿದ್ದರೂ. ಪಾಳಿಯಲ್ಲಿ ಇದಕ್ಕೆ ಪಮಾದ ಎನ್ನುತ್ತಾರೆ. ಮೈಮರೆವು, ಏನಾಗಲ್ಲ ಬಿಡು ಅನ್ನುವ ಗುಣ. ನಾವು ದಿನಾ ಹೇಳುವ ಐದನೆಯ ಶೀಲದಲ್ಲೇ ಈ ಪದ ಇದೆ. ಹೆಂಡದ ಹೆಸರುಗಳು ಮುಗಿದ ಮೇಲೆ ಬರುವ 'ಪಮಾದಟ್ಠಾನಾ'. (ಐದನೆಯದಕ್ಕೆ ಬಂದಾಗ ನಮ್ಮಲ್ಲಿ ಕೆಲವರ ದನಿ ಸಣ್ಣಗಾಗುತ್ತದೆ, ಅದು ಬೇರೆ ಮಾತು.) ಹೆಂಡ ಬೇಡ ಎಂದದ್ದೇ ಅದು ಪಮಾದಕ್ಕೆ ಎಡೆ ಮಾಡುತ್ತದೆ ಎಂದು. ಹೆಂಡ ಮುಟ್ಟದವನೂ ಪಮಾದದಲ್ಲಿ ಮುಳುಗಿರಬಹುದು. ಧಮ್ಮಪದದ ಎರಡನೆಯ ವಗ್ಗ ಪೂರ್ತಿ ಅಪ್ಪಮಾದದ ಮೇಲಿದೆ, ಪರಿನಿಬ್ಬಾಣಕ್ಕೆ ಮುಂಚೆ ಭಗವಾನರು ಹೇಳಿದ ಕೊನೆಯ ಮಾತೂ ಅದೇ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಭಿಕ್ಕುವಿಗೆ ಬಟ್ಟೆಯ ಕೆಳಗೆ ಮಗು ಇದೆಯೆಂದು ಗೊತ್ತಿರಲಿಲ್ಲ. ದೋಣಿ ವ್ಯಾಪಾರ ಮಾಡುವವನಿಗೆ ಗೊತ್ತು. ಎಷ್ಟು ಜನ ಹತ್ತಬಹುದು, ಎಷ್ಟು ಜಾಕೆಟ್ ಇವೆ ಎಂದು ಅವನಿಗೆ ಗೊತ್ತಿರುತ್ತದೆ. ಟಿಕೆಟ್ ಎಣಿಸಲು ಬರುವವನಿಗೆ ತಲೆ ಎಣಿಸಲು ಬಾರದೇ? ಕೊಲ್ಲುವ ಉದ್ದೇಶ ಇರಲಿಲ್ಲ, ನಿಜ. ಇನ್ನೊಬ್ಬರ ಮಕ್ಕಳ ಜೀವದ ಮೇಲೆ ನಾಲ್ಕು ಕಾಸು ಹೆಚ್ಚು ಮಾಡಿಕೊಳ್ಳುವ ಉದ್ದೇಶ ಇತ್ತು. ಅದೂ ಚೇತನವೇ ತಮ್ಮಾ, ಅದಕ್ಕೆ ಲೋಭ ಎಂದು ಹೆಸರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಸತ್ತದ್ದು ಮೀನು ಹಿಡಿಯುವ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ, ಮಿತಿಮೀರಿ ಜನ ತುಂಬಿದ್ದರಿಂದ. ಮಾಲೀಕನ ಮೇಲೆ ಅಲ್ಲಿನ ಪೊಲೀಸರು ಕೊಲೆಯ ಸೆಕ್ಷನ್ನೇ ಹಾಕಿದರು. ಎಂಟು ತಿಂಗಳಿಗೆ ವಡೋದರಾ. ಅಲ್ಲಿ ದೋಣಿ ನಡೆಸುವವರು, ಗುತ್ತಿಗೆ ಕಂಪನಿಯ ಪಾಲುದಾರರು ಬಂಧನವಾದರು. ಗುಜರಾತ್ ಹೈಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡು, ಗುತ್ತಿಗೆ ಕೊಟ್ಟದ್ದು ಹೇಗೆ ಎಂದು ಪಾಲಿಕೆಯ ಮೇಲಧಿಕಾರಿಗಳನ್ನೂ ಪ್ರಶ್ನಿಸಿತು. ಅದು ಸರಿ. ಕೂಲಿಗೆ ದೋಣಿ ನಡೆಸುವವನನ್ನು ಮಾತ್ರ ಹಿಡಿದು, ನೋಡದೆ ಸಹಿ ಹಾಕಿದವರನ್ನು ಬಿಟ್ಟರೆ ನ್ಯಾಯವಾಗುವುದಿಲ್ಲ. ಹಾಗೆಂದು ಎಲ್ಲರದೂ ತಪ್ಪು ಎಂದು ಹಂಚಿಬಿಟ್ಟು ಯಾರದೂ ಅಲ್ಲ ಎಂದು ಮಾಡುವುದೂ ಬೇಡ. ಹಣ ತೆಗೆದುಕೊಂಡವನ ಪಾಲು ದೊಡ್ಡದು, ಅಧಿಕಾರ ಇದ್ದೂ ಕಣ್ಣು ಮುಚ್ಚಿದವನದು ಇನ್ನೂ ದೊಡ್ಡದು.

ಆ ಶಿಕ್ಷಕಿಯರ ಮಾತು ಬಂದರೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಸತ್ತವರು ಎದುರು ಉತ್ತರ ಕೊಡುವುದಿಲ್ಲ, ಅದಕ್ಕೇ ಅವರ ಮೇಲೆ ಹಾಕುವುದು ಸುಲಭ. ಹತ್ತು ಹನ್ನೆರಡು ವರ್ಷದ ಹಿಂದೆ ಕಾವೇರಿ ದಡದ ಒಂದು ಕಡೆ ಏಳನೇ ತರಗತಿ ಮಕ್ಕಳನ್ನು ನಾನು ತೆಪ್ಪ ಹತ್ತಿಸಿದೆ. ಸಂಜೆಯಾಗಿತ್ತು, ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ, ನಾಲ್ಕು ಮಕ್ಕಳು ಉಳಿದುಬಿಟ್ಟಿದ್ದರು, ಒಬ್ಬಳು ಅಳುತ್ತಿದ್ದಳು. "ಹತ್ತಲಿ ಬಿಡಿ ಮೇಷ್ಟ್ರೇ, ಏನೂ ಆಗಲ್ಲ" ಎಂದ ತೆಪ್ಪದವನು. ನಾನು ಹೂಂ ಎಂದೆ. ನೀರು ಅಂಚಿನಿಂದ ಒಂದು ಗೇಣು ಕೆಳಗಿತ್ತು. ಜಾಕೆಟ್ ಎಂಬ ಮಾತೇ ನಮ್ಮ ಮನಸ್ಸಿಗೆ ಬಂದಿರಲಿಲ್ಲ. ಮಕ್ಕಳು ನಕ್ಕರು, ಕಿರುಚಿದರು, ದಡ ಸೇರಿದರು. ನಾವೆಲ್ಲ ಮಂಡಕ್ಕಿ ತಿಂದು ಬಸ್ ಹತ್ತಿದೆವು. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಆ ಶಿಕ್ಷಕಿಯರಿಗಿಂತ ನಾನೇನೂ ಜಾಗರೂಕನಾಗಿರಲಿಲ್ಲ. ಅವತ್ತು ಗಾಳಿ ಬೀಸಲಿಲ್ಲ, ಅಷ್ಟೇ.

ಒಪ್ಪಿಗೆ ಪತ್ರದ ಕೊನೆಯ ಸಾಲು ಹೊಡೆದುಹಾಕಿದೆ. ಅದರ ಜಾಗದಲ್ಲಿ ಹೀಗೆ ಬರೆದೆ: ಶಿಕ್ಷಕರು ಮುಂಚೆಯೇ ಹೋಗಿ ದೋಣಿ ನೋಡಿ ಬರುತ್ತಾರೆ. ಜಾಕೆಟ್ ಹಾಕದ ಯಾವ ಮಗುವನ್ನೂ ಹತ್ತಿಸುವುದಿಲ್ಲ. ಜಾಕೆಟ್ ಸಾಲದಿದ್ದರೆ ದೋಣಿ ವಿಹಾರ ಇರುವುದಿಲ್ಲ. ಮಕ್ಕಳು ಮನೆಗೆ ಮರಳುವವರೆಗೆ ಜವಾಬ್ದಾರಿ ನಮ್ಮದು.

ಹೆಡ್ ಮಾಸ್ಟರು ಎರಡು ಸಲ ಓದಿದರು. "ಇದನ್ನ ಕೊಟ್ರೆ, ಏನಾದ್ರೂ ಆದಾಗ ಮೊದಲು ನಿಮ್ಮನ್ನೇ ಹಿಡೀತಾರೆ" ಎಂದರು. "ಹಿಡೀಲಿ ಸಾರ್" ಎಂದೆ. ಪತ್ರ ಇನ್ನೂ ಅವರ ಮೇಜಿನ ಮೇಲಿದೆ, ಸಹಿಯಾಗಿಲ್ಲ.

ಈ ಭಾನುವಾರ ನಾನೂ ನಮ್ಮ ದೈಹಿಕ ಶಿಕ್ಷಕರೂ ಬಸ್ಸಿನಲ್ಲಿ ಹೋಗಿ ಆ ದೋಣಿಗಳನ್ನು ನೋಡಿ ಬರುತ್ತೇವೆ. ಹಾಗಾಗಿ ಕೂಟಕ್ಕೆ ನಾನು ಬರಲಾಗುವುದಿಲ್ಲ. ಅಪ್ಪಮಾದ ವಗ್ಗವನ್ನು ಆ ಹುಡುಗನಿಂದಲೇ ಓದಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್.